ತೆರೆದ ಕಡತದಲ್ಲಿ ಒಂದು ಚೂರು ರೇಷ್ಮೆ

ಜನವರಿ ೪, ೨೦೦೫, ಮಂಗಳವಾರ

ದಿಲ್ಲಿಯ ರೈಲು ಮಂಜಿನಲ್ಲಿ ತೆವಳುತ್ತ ಮಧ್ಯಾಹ್ನದ ಹೊತ್ತಿಗೆ ಬನಾರಸ್ ಮುಟ್ಟಿತು. ಎದುರಿನ ಸೀಟಿನವನು ಎರಡು ಸಲ ನನ್ನ ಚೀಲ ನೋಡಿದ ಎಂದು ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದೆ. ಒಳಗಿದ್ದದ್ದು ಸುಂಕದ ಕಾಯಿದೆ ಪುಸ್ತಕ ಮತ್ತು ಎರಡು ಸ್ವೆಟರ್. ಕದ್ದಿದ್ದರೆ ಅವನಿಗೆ ಸ್ವೆಟರಾದರೂ ದಕ್ಕುತ್ತಿತ್ತು.

ಸರ್ಕಾರಿ ಅತಿಥಿಗೃಹ ಕೊಟ್ಟಿದ್ದರು. ಒಬ್ಬಳೇ ಇರಲು ಹೆದರಿಕೆ ಎಂದು ಹೇಳಿಕೊಳ್ಳಲಾಗದೆ, ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ನೆಪ ಹೇಳಿ ಕೇದಾರ ಘಾಟಿನ ಹಿಂದಿರುವ ವಸಂತಕ್ಕನ ಮನೆಗೆ ಬಂದೆ. ಭಾವ ಶೇಷಗಿರಿ ನಮ್ಮ ಕಡೆಯ ಯಾತ್ರಿಕರಿಗೆ ಶ್ರಾದ್ಧ, ಸಂಕಲ್ಪ ಮಾಡಿಸುವ ಪುರೋಹಿತರು. ಕರ್ಮ ಮುಗಿದ ಮೇಲೆ ಯಾತ್ರಿಕರ ಮನೆ ಹೆಂಗಸರಿಗೆ ಬನಾರಸ್ ಸೀರೆ ಬೇಕು. ಅದಕ್ಕೆ ವಸಂತಕ್ಕ ಇದ್ದಾಳೆ. ಇಪ್ಪತ್ತು ವರ್ಷದಿಂದ ಅವರನ್ನೆಲ್ಲ ಚೌಕದ ಮುರಾರಿಬಾಬುವಿನ ಗದ್ದಿಗೆ ಕರೆದುಕೊಂಡು ಹೋಗುತ್ತಾಳೆ, ಮಾರಾಟದ ಮೇಲೆ ಅವಳಿಗೆ ಒಂದಿಷ್ಟು ಕಮಿಷನ್. ಗದ್ದಿ ಎಂದರೆ ಬಿಳಿ ಹಾಸಿಗೆ ಹಾಸಿದ ಸಗಟು ಅಂಗಡಿ. ಹಗಲೆಲ್ಲ ಅಲ್ಲಿ ಸೀರೆ ಮಾರುತ್ತಾರೆ, ಸಂಜೆ ಅದೇ ಹಾಸಿಗೆಯ ಮೇಲೆ ನೇಕಾರರಿಂದ ಕೊಳ್ಳುತ್ತಾರೆ.

ನನ್ನ ಕೆಲಸ ಏನೆಂದು ಅಕ್ಕ ಈ ಸಲವೂ ಕೇಳಿದಳು. ಚೀನಾದ ರೇಷ್ಮೆ ಬಟ್ಟೆ ತೀರ ಅಗ್ಗದಲ್ಲಿ ಬಂದು ಬೀಳುತ್ತಿದೆ. ಅದಕ್ಕೆ ಹೆಚ್ಚಿನ ಸುಂಕ ಹಾಕಬೇಕೇ ಎಂದು ವಾಣಿಜ್ಯ ಇಲಾಖೆ ವಿಚಾರಣೆ ನಡೆಸುತ್ತಿದೆ. ನಾಳೆ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಯಾರಾದರೂ ಪ್ರಶ್ನೆ ಎತ್ತಿದರೆ ಬಿದ್ದುಹೋಗದ ಹಾಗೆ ಕಡತ ಕಟ್ಟುವ ವಕೀಲೆ ನಾನು ಎಂದೆ. ನಮ್ಮೂರ ಕಡೆಯ ರೇಷ್ಮೆ ಬೆಳೆಗಾರರು ನೂಲಿಗೂ ಸುಂಕ ಬೇಕು ಎನ್ನುತ್ತಾರೆ, ಇಲ್ಲಿಯವರು ನೂಲಿಗೆ ಬೇಡ, ಬಟ್ಟೆಗೆ ಮಾತ್ರ ಹಾಕಿ ಎನ್ನುತ್ತಾರೆ. ಈ ಸಲದ್ದು ಬಟ್ಟೆಯ ವಿಚಾರಣೆ. ಹತ್ತೊಂಬತ್ತನೆಯ ತಾರೀಕು ಇಲ್ಲೇ ಬಹಿರಂಗ ಸಭೆ. "ಅವತ್ತು ನೀನು ಎದ್ದು ನಿಂತು ಭಾಷಣ ಮಾಡ್ತೀಯೇನೆ?" ಎಂದಳು. ಸದ್ಯ, ಇಲ್ಲ. ನಾನು ಬರೆಯುವವಳು, ನಿಂತು ಓದುವವರು ಬೇರೆ. ಕೋರ್ಟಿನಲ್ಲಿ ಬಾಯಿ ತೆರೆಯಲು ಹೆದರಿಯೇ ಸರ್ಕಾರಿ ನೌಕರಿ ಹಿಡಿದದ್ದು.

ಜನವರಿ ೬, ಗುರುವಾರ

ಇಂದು ನಿಸಾರ್ ಅನ್ಸಾರಿಯ ಮನೆಗೆ ಹೋಗಿದ್ದೆ. ಇಲಾಖೆಯ ಇಲ್ಲಿನ ಕಚೇರಿಯವರು ಗಲ್ಲಿಯ ತುದಿಗೆ ಬಿಟ್ಟು ಹೋದರು. ಮುಂದೆ ಒಬ್ಬಳೇ. ಸೈಕಲ್ಲು, ಮೇಕೆ, ಮಗ್ಗದ ಸದ್ದು. ನಿಸಾರ್ ಐವತ್ತರ ಆಸುಪಾಸಿನ ನೇಕಾರ. ಮೆಲ್ಲಗೆ ಮಾತಾಡುತ್ತಾನೆ, ಎಡಗೈಯಲ್ಲೇ ಚಹಾ ಕೊಟ್ಟ. ಕೊಟ್ಟಮೇಲೆ ಮುಜುಗರದಿಂದ ನಕ್ಕು, ಹುಟ್ಟಿನಿಂದ ಹೀಗೇ, ಮಗ್ಗದಲ್ಲೂ ಇದೇ ಕೈ ಎಂದ.

ಅವನು ಹೇಳಿದ್ದು ನಮ್ಮ ಇಡೀ ಪ್ರಕರಣಕ್ಕೆ ಬೆನ್ನೆಲುಬು. ಮುರಾರಿಬಾಬು ಅವನಿಂದ ಮಾವಿನ ಬುಟ್ಟಾದ, ಅಂದರೆ ಮಾವಿನಕಾಯಿ ಚಿತ್ತಾರದ, ಸೀರೆಯೊಂದನ್ನು ಮಾದರಿಗೆಂದು ತೆಗೆದುಕೊಂಡ. ಕೆಲವು ತಿಂಗಳಲ್ಲಿ ಅದೇ ಸೀರೆ ಚೀನಾದ ಯಂತ್ರದಿಂದ ತಾನುಗಟ್ಟಲೆ ಬಂದಿಳಿಯಿತು, ಅದೇ ಗದ್ದಿಯಲ್ಲಿ ಅಸಲಿ ಬನಾರಸಿ ಎಂದು ಮಾರಾಟವಾಯಿತು. ತನ್ನ ಬಟ್ಟೆಯ ಒಂದು ಚೂರು, ನಕಲಿನ ಒಂದು ಚೂರು ಎರಡನ್ನೂ ನಿಸಾರ್ ಕತ್ತರಿಸಿ ಕೊಟ್ಟ. ಆದರೆ ಹೆಸರು ಹೊರಗೆ ಬರಬಾರದು ಎಂದ. ಇಲ್ಲಿ ಯಾವ ಗದ್ದಿಯವನೂ ನೇಕಾರನನ್ನು ಹೊಡೆಯುವುದಿಲ್ಲ, ಬಯ್ಯುವುದೂ ಇಲ್ಲವಂತೆ. ಸೀರೆಯ ಡಬ್ಬಿಯನ್ನು ಬಿಚ್ಚದೆ ಪಕ್ಕಕ್ಕೆ ತಳ್ಳುತ್ತಾನೆ. ಒಂದು ಗದ್ದಿ ತಳ್ಳಿದ ಡಬ್ಬಿಯನ್ನು ಇನ್ನೊಂದು ಗದ್ದಿ ಮುಟ್ಟುವುದಿಲ್ಲ. ಮನೆಯಲ್ಲಿ ಒಂಬತ್ತು ಜನ, ಇರುವುದು ಎರಡು ಮಗ್ಗ.

ಹೆಸರು ನನ್ನಿಂದ ಹೊರಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ವಿಚಾರಣೆ ಮುಗಿಯುವವರೆಗೆ ತಾನೂ ಯಾರಿಗೂ ಹೇಳುವುದಿಲ್ಲ ಎಂದು ಅವನಿಂದಲೂ ಮಾತು ತೆಗೆದುಕೊಂಡೆ. ಅಕ್ಕನಿಗೂ ಹೇಳಿಲ್ಲ. ಅವಳು ಹೋಗುವುದು ಅದೇ ಗದ್ದಿಗೆ.

ಜನವರಿ ೭, ಶುಕ್ರವಾರ

ನಮ್ಮಲ್ಲಿ ಎರಡು ಕಡತ ಇರುತ್ತವೆ. ಮುಚ್ಚಿದ ಕಡತ ನಮಗೆ ಮಾತ್ರ. ತೆರೆದದ್ದನ್ನು ಯಾರು ಬೇಕಾದರೂ ಬಂದು ನೋಡಬಹುದು. ಯಾರ ವಿರುದ್ಧ ಸಾಕ್ಷ್ಯ ಇದೆಯೋ ಅವರಿಗೆ ಉತ್ತರ ಹೇಳಲು ಅವಕಾಶ ಬೇಕಲ್ಲ. ನಿಸಾರನ ಹೇಳಿಕೆಯನ್ನು ಮುದ್ರೆ ಹಾಕಿ ಮುಚ್ಚಿದ್ದರಲ್ಲಿ ಇಟ್ಟೆ. ತೆರೆದದ್ದರಲ್ಲಿ ಎರಡು ಬಟ್ಟೆಯ ಚೂರು ಮಾತ್ರ. ಮಾವಿನ ಬುಟ್ಟಾವನ್ನು ಈ ಊರಿನಲ್ಲಿ ಸಾವಿರಾರು ಜನ ನೇಯುತ್ತಾರೆ.

ಎರಡನ್ನೂ ಮಗುಚಿ, ಹಿಂಬದಿ ಮೇಲೆ ಬರುವಂತೆ ಪಿನ್ನು ಚುಚ್ಚಿದೆ. ಕೈಮಗ್ಗ ಯಾವುದು, ಯಂತ್ರ ಯಾವುದು ಎಂದು ಬಟ್ಟೆಯ ಬೆನ್ನು ನೋಡಿದರೆ ಕುರುಡನಿಗೂ ತಿಳಿಯುತ್ತದೆ. ದಿಲ್ಲಿಯಲ್ಲಿರುವ ನನ್ನ ಕಿರಿಯ ಸಹೋದ್ಯೋಗಿ ಸಮೀರ ಫೋನಿನಲ್ಲಿ, ಬಟ್ಟೆಯೂ ಮುಚ್ಚಿದ್ದರಲ್ಲೇ ಇರಲಿ ಮೇಡಂ ಎಂದ. ತೋರಿಸದ ಸಾಕ್ಷ್ಯ ಜಿನೀವಾದಲ್ಲಿ ನಿಲ್ಲುವುದಿಲ್ಲ ಎಂದು ಅವನಿಗೆ ಪಾಠ ಹೇಳಿದೆ. ಬಹಳ ದಿನದ ಮೇಲೆ ನನ್ನ ಕೆಲಸದ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಜನವರಿ ೧೦, ಸೋಮವಾರ

ಬರೆಯಲು ಕೈ ಓಡುತ್ತಿಲ್ಲ.

ಸ್ವೆಟರ್ ಒಗೆಯಲು ತೆಗೆಯುವಾಗ ನಿಸಾರ್ ಕೊಟ್ಟ ಬಟ್ಟೆಯಲ್ಲಿ ಉಳಿದಿದ್ದ ತುಂಡು ಚೀಲದಿಂದ ಕೆಳಗೆ ಬಿತ್ತು. ವಸಂತಕ್ಕ ಎತ್ತಿಕೊಂಡಳು, ಮಗುಚಿ ನೋಡಿದಳು. ಹೀರೇಕಾಯಿ ಯಾವ ತೋಟದ್ದು ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು: "ಇದು ನಿಸಾರಂದಲ್ವಾ? ನೋಡು, ದಾರದ ತುದಿ ಎಲ್ಲ ಈ ಕಡೆಗೆ ಮಡಚಿದೆ. ಅವನೊಬ್ಬನೇ ಎಡಗೈಯವನು. ಬಾಕಿಯವರದು ಆ ಕಡೆಗಿರುತ್ತೆ. ಗದ್ದೀಲಿ ಎಲ್ರಿಗೂ ಗೊತ್ತು."

ಹೆಸರು ಮುಚ್ಚಿ ಕೈಯನ್ನು ತೋರಿಸಿದ್ದೇನೆ. ಮುಂಭಾಗ ಮೇಲೆ ಮಾಡಿ ಚುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಬುದ್ಧಿವಂತಿಕೆ ತೋರಿಸಲು ಹೋಗಿ ನಾನೇ ಮಗುಚಿದೆ.

ಜನವರಿ ೧೧, ಮಂಗಳವಾರ

ಬಾಗಿಲು ತೆರೆಯುವ ಮೊದಲೇ ಇಲ್ಲಿನ ಕಚೇರಿಗೆ ಹೋಗಿ ನಿಂತೆ. ಗುಮಾಸ್ತ ತೆರೆದ ಕಡತ ಕೊಟ್ಟು ಚಹಾಕ್ಕೆ ಹೋದ. ಎರಡು ಚೂರೂ ಹಾಗೇ ಇದ್ದವು. ಪಿನ್ನಿನ ಮೇಲೆ ಬೆರಳಿಟ್ಟೆ. ತೆಗೆದು ಮಗುಚಿ ಚುಚ್ಚಿದರೆ ಯಾರಿಗೆ ತಿಳಿಯುತ್ತದೆ? ಆದರೆ ದಾಖಲಾದ ಸಾಕ್ಷ್ಯವನ್ನು ತಿದ್ದುವುದಕ್ಕೆ ಏನೆನ್ನುತ್ತಾರೆ ಎಂದು ಇಲಾಖೆಯ ಹೊಸಬರಿಗೆ ಕಲಿಸುವವಳೇ ನಾನು. ನೌಕರಿ ಹೋಗುತ್ತದೆ, ಜೈಲೂ ಆದೀತು. ನ್ಯಾಯವಾಗಿ ಹಿಂದಕ್ಕೆ ಪಡೆಯಬೇಕೆಂದರೆ ಎಲ್ಲ ಪಕ್ಷಗಳಿಗೂ ನೋಟೀಸು ಕೊಡಬೇಕು. ಅದು ಇಲ್ಲಿ ನೋಡಿ ಎಂದು ಡಂಗುರ ಸಾರಿದ ಹಾಗೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ.

ಗುಮಾಸ್ತ ಬಂದ. ನಿನ್ನೆಯೇ ಮುರಾರಿಬಾಬುವಿನ ವಕೀಲರು ಕಡತ ನೋಡಿಕೊಂಡು ಹೋದರು, ಜೊತೆಗೆ ಗದ್ದಿಯ ಲೆಕ್ಕ ನೋಡುವ ಮುನೀಮನೂ ಬಂದಿದ್ದ ಎಂದ. ವಕೀಲ ಕಾಗದಗಳನ್ನು ಓದಿದನಂತೆ. ಮುನೀಮ ಬಟ್ಟೆ ನೋಡಿದನಂತೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಸಮೀರನಿಗೆ ಫೋನ್ ಮಾಡಿದರೆ, ನೀವು ಯಾವ ನಿಯಮವನ್ನೂ ಮುರಿದಿಲ್ಲ, ಸಾಕ್ಷಿಯ ಬಗ್ಗೆ ಯಾರೊಡನೆಯೂ ಮಾತಾಡಬೇಡಿ, ಏನನ್ನೂ ಬರೆದು ಕೊಡಬೇಡಿ ಎಂದ. ಸರಿಯಾಗಿಯೇ ಹೇಳಿದ. ನಿಯಮ ಮುರಿದಿಲ್ಲ.

ಜನವರಿ ೧೨, ಬುಧವಾರ

ಮಧ್ಯಾಹ್ನ ಯಾರೋ ಒಬ್ಬ ಮಿಠಾಯಿ ಡಬ್ಬಿ ಕೊಟ್ಟು ಹೋದ. ಮುರಾರಿಬಾಬು ಕಡೆಯಿಂದ, ದಿಲ್ಲಿ ಮೇಡಂಗೆ, ಅಷ್ಟೇ. ನಾನು ಈ ಮನೆಯಲ್ಲಿ ಇಳಿದಿದ್ದೇನೆಂದು ಅವನಿಗೆ ಯಾರು ಹೇಳಿದರು? ಹಿಂದಿರುಗಿಸಿದರೆ ಹಗೆ, ತಿಂದರೆ ಲಂಚ. ಭಾವ ಯೋಚನೆ ಮಾಡಿ ಡಬ್ಬಿಯನ್ನು ಮಹಡಿಯ ಮೇಲಿಟ್ಟು ಬಂದರು. ಕೋತಿಗಳು ತಮ್ಮ ಕೆಲಸ ಮಾಡಿದವು.

ಬಾಗಿಲ ಚಿಲಕ ಎರಡು ಸಲ ನೋಡಿ ಬಂದೆ.

ಜನವರಿ ೧೪, ಶುಕ್ರವಾರ

ಸಂಕ್ರಾಂತಿ. ಇಲ್ಲಿ ಖಿಚಡಿ ಹಬ್ಬ ಎನ್ನುತ್ತಾರೆ. ಅಕ್ಕ ಎಳ್ಳು ಬೀರಿದಳು, ಘಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ನಿಸಾರನಿಗೆ ವಿಷಯ ತಿಳಿಸಬೇಕು ಎಂದು ಹೊರಟೆ. ಹೇಳಬೇಕಾದ ಮಾತನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಗಲ್ಲಿಯ ತುದಿಯ ಪಾನ್ ಅಂಗಡಿಯ ಬಳಿ ಇಬ್ಬರು ನಿಂತಿದ್ದರು. ಅವರಲ್ಲೊಬ್ಬ ನನ್ನನ್ನೇ ನೋಡುತ್ತಿದ್ದ. ಗದ್ದಿಯವನೇ ಇರಬಹುದು, ಇಲ್ಲದಿರಬಹುದು. ನಾನು ಒಳಗೆ ಹೋದರೆ ಅನುಮಾನ ಖಾತ್ರಿಯಾಗುತ್ತದೆ, ಆತನ ಒಳ್ಳೆಯದಕ್ಕೇ ಹೋಗಬಾರದು ಎಂದು ತಿರುಗಿ ಬಂದೆ.

ಬರುವಾಗ ಹೆಣ ಸುಡುವ ಹರಿಶ್ಚಂದ್ರ ಘಾಟಿನ ದಾರಿ ತಪ್ಪಿಸಲು ಸುತ್ತು ಹೊಡೆದೆ. ಆದರೂ ಹೊಗೆ ಬಂತು.

ಜನವರಿ ೧೫, ಶನಿವಾರ

ಶುರುವಾಗಿದೆ. ಅಕ್ಕ ಚೌಕದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ನಿನ್ನೆ ಸಂಜೆ ಮುರಾರಿಬಾಬುವಿನ ಮುನೀಮ ನಿಸಾರನ ಡಬ್ಬಿಯನ್ನು ಬಿಚ್ಚದೆ ಪಕ್ಕಕ್ಕೆ ತಳ್ಳಿದ. ಇವತ್ತು ಬೇರೆ ಮೂರು ಗದ್ದಿಯವರೂ ಮುಟ್ಟಲಿಲ್ಲ. ಬಕ್ರೀದ್ ಎದುರಿಗೆ ಬಂದಿದೆ. ಅವನು ಮಾದರಿ ಕದ್ದು ಮಾರಿದ ಕಳ್ಳ ಎಂದು ಹಬ್ಬಿಸಿದ್ದಾರೆ.

ನನಗೆ ಏನಾಯಿತೋ, ಭಾವನ ಮೇಲೆ ತಿರುಗಿಬಿದ್ದೆ. ಇಷ್ಟು ವರ್ಷದ ಋಣಕ್ಕೆ ನೀವೇ ಮುರಾರಿಬಾಬುವಿಗೆ ಹೋಗಿ ಹೇಳಿದ್ದೀರಿ ಎಂದೆ. ಸಂಧ್ಯಾವಂದನೆಗೆ ಕುಳಿತಿದ್ದವರು ಪಂಚಪಾತ್ರೆ ಕೆಳಗಿಟ್ಟರು. "ನಾನು ಹೇಳಿಲ್ಲಮ್ಮ, ಅಂಬುಜ. ನಾನು ಹೇಳಬೇಕಾದ್ದೂ ಇರಲಿಲ್ಲವಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಮುಖ ಎತ್ತಲಾಗಲಿಲ್ಲ.

ಊಟ ಬೇಡವೆಂದು ಮಲಗಿದೆ. ನಾನು ಮಾಡಿದ್ದನ್ನು ಒಂಬತ್ತು ಜನ ಉಣ್ಣುತ್ತಿದ್ದಾರೆ.

ಜನವರಿ ೧೭, ಸೋಮವಾರ

ಮಧ್ಯಾಹ್ನ ಮಹಡಿಯಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದಾಗ ಕೆಳಗೆ ಗಲ್ಲಿಯಲ್ಲಿ ನಿಸಾರ್ ಸೈಕಲ್ ಒರಗಿಸುವುದು ಕಂಡಿತು. ಮೆಟ್ಟಿಲ ಮೇಲಿಂದ ಅಕ್ಕನಿಗೆ ಪಿಸುಗುಟ್ಟಿದೆ, ನಾನಿಲ್ಲ ಎಂದು ಹೇಳು ಎಂದೆ. ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಬಾಗಿಲು ತೆಗೆದು, ಬನ್ನಿ ಭಾಯಿಸಾಬ್, ಮೇಲಿದ್ದಾಳೆ, ಇಳಿದು ಬರ್ತಾಳೆ ಎಂದಳು.

ಇಳಿಯಲೇಬೇಕಾಯಿತು. ಎಲ್ಲವನ್ನೂ ಹೇಳಿದೆ: ಬಟ್ಟೆ ಚುಚ್ಚಿದವಳು ನಾನು, ಮಗುಚಿದವಳೂ ನಾನು, ತಿಳಿದು ಒಂದು ವಾರವಾದರೂ ಬಂದು ಹೇಳಲಿಲ್ಲ. ಬಾಯಿಪಾಠ ಮಾಡಿದ ಹಿಂದಿ ಒಂದೂ ನೆನಪಾಗಲಿಲ್ಲ. ಅವನು ಎಲ್ಲ ಕೇಳಿದ. ಆಮೇಲೆ, "ಖಿಚಡಿ ಹಬ್ಬದ ದಿನ ನಮ್ಮ ಗಲ್ಲಿ ತುದೀಲಿ ನಿಮ್ಮನ್ನ ನೋಡಿದೆ ಮೇಡಂ. ಬರ್ತೀರಿ ಅಂತ ಚಹಾಕ್ಕಿಡಿಸಿದ್ದೆ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವನು ಬಂದದ್ದು ಬೇರೆ ಮಾತಿಗೆ. ಬಿರಾದರಿಯ, ಅಂದರೆ ನೇಕಾರ ಸಮುದಾಯದ, ಹಿರಿಯರು ಕರೆಸಿ ಕೇಳಿದ್ದಾರೆ, ಸರ್ಕಾರದ ಮುಂದೆ ಮಾತಾಡಿದವನು ನೀನೇನಾ ಎಂದು. ಹೌದೆಂದರೆ ನನಗೆ ಕೊಟ್ಟ ಮಾತು ಮುರಿಯುತ್ತದೆ ಎಂದು ಇವನು ಬಾಯಿ ಬಿಟ್ಟಿಲ್ಲ. ಬಾಯಿ ಬಿಡದವನನ್ನು ಗದ್ದಿಯವರು ಕಳ್ಳ ಎಂದರೆ ಹಿರಿಯರಾದರೂ ಏನು ಮಾಡುತ್ತಾರೆ? ಹಾಗಾಗಿ ಈಗ ಹೆಸರನ್ನು ತೆರೆದ ಕಡತಕ್ಕೆ ಹಾಕಿ, ಸಭೆಯಲ್ಲಿ ಎಲ್ಲರ ಎದುರಿಗೆ ಓದಿ ಎಂದ.

"ಹೆಸರಿಲ್ಲದವನ ಡಬ್ಬಿ ತಳ್ಳಿದ್ರೆ ಯಾರೂ ಕೇಳೋದಿಲ್ಲ ಮೇಡಂ. ಮಾತಾಡಿದೆ ಅಂತ ನಿಸಾರನ ಡಬ್ಬಿ ತಳ್ಳಿದ್ರೆ ಕೇಳೋಕೆ ಜನ ಇದ್ದಾರೆ. ಇನ್ನು ಮುಚ್ಚಿಟ್ಟು ಯಾರನ್ನ ಉಳಿಸ್ತೀರಿ?"

ನೋಡೋಣ ಎಂದೆ. ಅವನು ಹೋದ ಮೇಲೆ ಯೋಚಿಸಿದರೆ, ಉಳಿಯುವವಳು ನಾನೊಬ್ಬಳೇ. ಹೆಸರು ಓದಿದರೆ, ಅದು ಮೊದಲೇ ಹೇಗೆ ಹೊರಬಿತ್ತು ಎಂದು ಸಭೆಯ ಅಧ್ಯಕ್ಷರು ಕೇಳಿಯೇ ಕೇಳುತ್ತಾರೆ. ಜೂನ್ ತಿಂಗಳಲ್ಲಿ ಜಿನೀವಾಕ್ಕೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರಿದೆ. ಇತ್ತು ಎಂದು ಬರೆಯಬೇಕೋ ಏನೋ.

ಜನವರಿ ೧೮, ಮಂಗಳವಾರ

ನಾಳೆ ಸಭೆ. ಜ್ವರ ಬಂದರೆ ಸಾಕು ಎಂದು ತಣ್ಣೀರಿನಲ್ಲಿ ಸ್ನಾನ ಮಾಡಿದೆ. ಬರಲಿಲ್ಲ. ಸಮೀರ ಮೂರು ಸಲ ಫೋನ್ ಮಾಡಿ ಅದನ್ನೇ ಹೇಳಿದ, ಸುಮ್ಮನಿರಿ, ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾಕು.

ಅಕ್ಕ ನನ್ನ ಸೀರೆಗೆ ಇಸ್ತ್ರಿ ಮಾಡಿ ಇಟ್ಟಿದ್ದಾಳೆ.

ಜನವರಿ ೧೯, ಬುಧವಾರ

ಇದನ್ನು ಇದ್ದದ್ದು ಇದ್ದ ಹಾಗೆ ಬರೆದಿಡಬೇಕು, ನಾಳೆ ವಿವರಣೆ ಕೇಳಿದರೆ ಬೇಕಾಗುತ್ತದೆ.

ಸಭಾಂಗಣ ತುಂಬಿತ್ತು. ಮುಂದೆ ವಕೀಲರು, ವರ್ತಕರು. ಹಿಂದೆ ಗೋಡೆಗೆ ಒತ್ತಿಕೊಂಡು ನೇಕಾರರು. ಮುರಾರಿಬಾಬುವನ್ನು ಮೊದಲ ಸಲ ನೋಡಿದೆ. ಬೆಳ್ಳಗೆ, ತೆಳ್ಳಗೆ, ಕಿವಿಗೆ ಮಫ್ಲರ್ ಸುತ್ತಿಕೊಂಡ ಮುದುಕ. ನಮ್ಮ ಸೋದರಮಾವನ ಹಾಗೆ ಇದ್ದಾನೆ. ಅವನ ವಕೀಲರು ಎದ್ದು, ತೆರೆದ ಕಡತದಲ್ಲಿರುವ ಬಟ್ಟೆಯ ಚೂರಿಗೆ ಅಪ್ಪ ಅಮ್ಮ ಯಾರೂ ಇಲ್ಲ, ಎದುರಿಗೆ ಬರಲು ಹೆದರುವವನ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅದು ಯಾರೋ ಕಳ್ಳ ಕೊಟ್ಟದ್ದು ಎಂದರು. ಅಧ್ಯಕ್ಷರು ನಮ್ಮ ಕಡೆ ನೋಡಿದರು. ನಮ್ಮ ಪರವಾಗಿ ನಿಂತು ಓದುವ ವಕೀಲರು ನನ್ನ ಕಡೆ ನೋಡಿದರು. ಅವರ ಕೈಯಲ್ಲಿ ಅದಕ್ಕೆ ಉತ್ತರವಿರಲಿಲ್ಲ, ನಾನು ಬರೆದುಕೊಟ್ಟಿರಲಿಲ್ಲ.

ಎದ್ದು ನಿಂತೆ. ಧೈರ್ಯವೆಂದು ಯಾರೂ ತಿಳಿಯಬಾರದು. ಗೌಪ್ಯತೆ ಬೇಡಿದವನು ತಾನೇ ಅದನ್ನು ಬಿಟ್ಟುಕೊಡಬಹುದು ಎಂದು ನಿಯಮವಿದೆ, ಅದನ್ನು ಸಭೆಯ ಗಮನಕ್ಕೆ ತರುವುದು ನನ್ನ ಕರ್ತವ್ಯ, ಅಷ್ಟೇ. ಸಾಕ್ಷಿಯ ಹೆಸರು ನಿಸಾರ್ ಅನ್ಸಾರಿ ಎಂದೆ. ಹಿಂದಿನವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. ಹಿಂದಿನಿಂದ ಅವನು ಮುಂದೆ ಬಂದ. ತನ್ನ ಹೆಸರು, ತಂದೆಯ ಹೆಸರು, ತಾತನ ಹೆಸರು, ಮೊಹಲ್ಲಾ ಹೇಳಿ, ಆ ಬಟ್ಟೆ ನನ್ನದು, ನಾನು ಕೊಟ್ಟದ್ದು ಎಂದ.

ಅಧ್ಯಕ್ಷರು ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: ಗುರುತು ಸಿಗುವ ಬಟ್ಟೆಯನ್ನು ತೆರೆದ ಕಡತಕ್ಕೆ ಹಾಕಿದವರು ಯಾರು? ನಾನು ಎಂದೆ. ಇನ್ನೇನು ಹೇಳಲಿ, ಕಡತದ ಮೇಲೆ ನನ್ನ ಸಹಿಯೇ ಇದೆ.

ಸಂಜೆಗೆ ದಿಲ್ಲಿಯಿಂದ ಆಜ್ಞೆ ಬಂತು. ಪ್ರಕರಣ ನನ್ನ ಕೈಯಿಂದ ಹೋಯಿತು, ನಾಡಿದ್ದು ಸಮೀರ ಬರುತ್ತಾನೆ. ಲಿಖಿತ ವಿವರಣೆ ಕೊಡಬೇಕು. ಕೂತು ಅತ್ತುಬಿಟ್ಟೆ. ಭಾವ ಬಿಸಿನೀರು ತಂದಿಟ್ಟು ಹೋದರು. ಈ ಮನೆಗೆ ಇನ್ನು ಮುರಾರಿಬಾಬುವಿನ ಗದ್ದಿ ಇಲ್ಲ ಎನ್ನುವುದು ಅವರಿಗೂ ಗೊತ್ತು.

ಜನವರಿ ೨೦, ಗುರುವಾರ

ನಾಳೆ ಬಕ್ರೀದ್. ಇವತ್ತು ಸಂಜೆ ನಿಸಾರ್ ಗದ್ದಿಗೆ ಹೋಗುತ್ತಾನೆ ಎಂದು ಅಕ್ಕನಿಗೆ ಸುದ್ದಿ ಬಂದಿತ್ತು. ಹೋಗೋಣ ನಡಿ ಎಂದಳು. ನಾನು ಹಾಗೆ ಮಾಡುವುದು ತಪ್ಪಾಗುತ್ತದೆ ಎಂದೆ. ಕೇಸು ನಿನ್ನ ಕೈಲಿ ಇಲ್ಲವಲ್ಲ, ನನ್ನ ಜೊತೆ ಸೀರೆ ನೋಡೋಕೆ ಬಾ ಎಂದಳು. ಶಾಲು ಹೊದ್ದು ಹೊರಟೆ.

ದಾರಿಯುದ್ದಕ್ಕೂ ತಿರುಗಿ ಹೋಗೋಣ ಎನ್ನುತ್ತಲೇ ಇದ್ದೆ. ಅವನ ಡಬ್ಬಿಯನ್ನು ಮತ್ತೆ ತಳ್ಳುವುದನ್ನು ಕಣ್ಣಾರೆ ನೋಡುವ ಶಕ್ತಿ ನನಗಿರಲಿಲ್ಲ.

ಗದ್ದಿಯ ಮೆಟ್ಟಿಲ ಬಳಿ ನಿಂತೆವು. ನೇಕಾರರು ರಟ್ಟಿನ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕುಳಿತಿದ್ದರು. ನಿಸಾರನ ಸರದಿ ಬಂತು. ಡಬ್ಬಿಯನ್ನು ಬಿಳಿ ಹಾಸಿಗೆಯ ಮೇಲಿಟ್ಟ. ಮುನೀಮ ನೋಡಲೇ ಇಲ್ಲ, ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ ಮುಂದಿನವನಿಗೆ ಕೈ ಚಾಚಿದ. ಮುಂದಿನವನು ನರೆತ ಗಡ್ಡದವನು. ತನ್ನ ಡಬ್ಬಿಯನ್ನು ಕೊಡದೆ ತೊಡೆಯ ಮೇಲೇ ಇಟ್ಟುಕೊಂಡು, "ಪೆಹಲೇ ಇನಕಾ", ಮೊದಲು ಇವರದು, ಎಂದ. ಮುನೀಮ ಅವನ ಮುಂದಿನವನ ಕಡೆ ನೋಡಿದ. ಅವನೂ ಕೊಡಲಿಲ್ಲ. ಅದರ ಮುಂದಿನವನೂ ಕೊಡಲಿಲ್ಲ. ಹಬ್ಬದ ಹಿಂದಿನ ಸಂಜೆ, ಮಾರದೆ ಹೋದರೆ ಅವರ ಮನೆಗಳಲ್ಲೂ ಏನಿರುತ್ತದೆ? ಯಾರೂ ಕೂಗಲಿಲ್ಲ, ಯಾರೂ ಏಳಲಿಲ್ಲ. ಡಬ್ಬಿಗಳ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದರು.

ಒಳಗಿನ ದಿಂಬಿಗೆ ಒರಗಿದ್ದ ಮುರಾರಿಬಾಬು ತಲೆಯೆತ್ತಿದ. ಅವರನ್ನು ದಾಟಿ ಅವನ ಕಣ್ಣು ನೇರ ನನ್ನ ಮೇಲೆ ಬಿತ್ತು. ಭಯಕ್ಕೆ ನನ್ನ ಕೈ ತಾನಾಗಿ ಮೇಲೆದ್ದು ಅವನಿಗೆ ಮುಗಿಯಿತು. ಪಕ್ಕದಲ್ಲಿದ್ದ ವಸಂತಕ್ಕ ನನ್ನ ಎರಡು ಕೈಯನ್ನೂ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಬಿಡಲಿಲ್ಲ, ಹಿಡಿದೇ ನಿಂತಳು.

ಕೊನೆಗೆ ಮುರಾರಿಬಾಬು ಮಫ್ಲರ್ ಸರಿಮಾಡಿಕೊಂಡು ಏನೋ ಗೊಣಗಿದ. ಮುನೀಮ ನಿಸಾರನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ದಾರ ಬಿಚ್ಚಿದ.